ಹಾಲೆ ಮರದ ಬ್ಯಾಚುಲರ್‌ಗಳು

ಕಡಲತಡಿ ಬಳಗದ ಹದಿನಾಲ್ಕು ವರ್ಷಗಳ ಅವಿರೋಧ ಅಧ್ಯಕ್ಷರೂ, ಇಂದಿನ ಸಭೆಯ ಅಧ್ಯಕ್ಷರೂ, ಮನೆಯಲ್ಲಿ ನನ್ನ ಯಜಮಾನರೂ ಆದ ಶ್ರೀ ಸುಂದರ ಅವರೇ, ಶುವೈಖ್‌ನಲ್ಲಿ ಎ.ಸಿ. ಡಕ್ಟ್ ಮಾಡುವ ವರ್ಕ್‌ಶಾಪ್ ನಡೆಸುತ್ತಾ ಅರ್ಧ ಕುವೈತನ್ನು ತಂಪಾಗಿಟ್ಟಿರುವ ಮುಖ್ಯ ಅತಿಥಿ ಶ್ರೀ ಡೊಮಿನಿಕ್ ಅವರೇ, ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿದ ಕಾರ್ಯದರ್ಶಿ ಶ್ರವಣ್ ಅವರೇ, ಮತ್ತು ಶುಕ್ರವಾರದ ರಜೆಯ ಬೆಳಿಗ್ಗೆ ಏಳು ಗಂಟೆಗೆ ಒಂದು ಲೋಟ ಚಹಾ ಕೂಡ ಕುಡಿಯದೆ ಬಂದು ಕುಳಿತಿರುವ, ಖಾಲಿ ಹೊಟ್ಟೆಯ ನನ್ನ ಪ್ರೀತಿಯ ಸಭಿಕರೇ,

ನಿಮ್ಮೆಲ್ಲರಿಗೂ ಶರಣು. ಇನ್ನು ಐದು ದಿನದಲ್ಲಿ ಈ ದೇಶ ಬಿಟ್ಟು ಹೋಗುವ ನನಗೆ ನೀವು ಶಾಲು ಹೊದಿಸಿದ್ದೀರಿ. ಹೊರಗೆ ನಲವತ್ತೆಂಟು ಡಿಗ್ರಿಗೆ ಏರಲಿರುವ ದಿನ ಉಣ್ಣೆಯ ಶಾಲು ಹೊದಿಸುವುದೆಂದರೆ ಎಂಥ ಅಭಿಮಾನ ಇರಬೇಕು! ಸನ್ಮಾನಪತ್ರವನ್ನು ನನ್ನ ಗಂಡನೇ ಬರೆಸಿ, ಗಂಡನೇ ಓದಿ, ಗಂಡನೇ ಕೈಗಿತ್ತರು. ಅದರಲ್ಲಿ ನನ್ನನ್ನು 'ಪಾಚಿ ಶಾಸ್ತ್ರದ ಅನರ್ಘ್ಯ ರತ್ನ' ಎಂದಿದ್ದಾರೆ. ಸಭಿಕರೇ, ಮನೆಯಲ್ಲಿ ಇಪ್ಪತ್ತೆಂಟು ವರ್ಷ 'ಆ ಕಸ ಫ್ರಿಜ್ಜಿನಿಂದ ತೆಗಿ' ಎಂದು ಕೇಳಿದವಳಿಗೆ ಇದ್ದಕ್ಕಿದ್ದಂತೆ ರತ್ನ ಎಂದರೆ ಗಾಬರಿಯಾಗುವುದಿಲ್ಲವೇ? ನನಗಂತೂ ಆಯಿತು.

ನನಗೆ ಕೊಟ್ಟಿರುವುದು ಐದು ನಿಮಿಷ. ನಾನು ಹೆಚ್ಚು ತೆಗೆದುಕೊಳ್ಳುತ್ತೇನೆ. ಕಾರಣವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹಸಿದವರ ಹತ್ತಿರ ಒಗಟು ಹೇಳಬಾರದು. ಈ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ, ಆಟಿ ತಿಂಗಳ ಅಮಾವಾಸ್ಯೆಗೆ ನಾವು ಖಾಲಿ ಹೊಟ್ಟೆಯಲ್ಲಿ ಕುಡಿಯುವ ಕಷಾಯದ ದೊಡ್ಡ ಪಾತ್ರೆ ಇದೆ. ನನ್ನ ಭಾಷಣ ಮುಗಿದ ಕೂಡಲೇ ನೀವು ಇನ್ನೂರು ಜನ ಸಾಲು ನಿಂತು ಅದನ್ನು ಕುಡಿಯುವುದು ಎಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ಆ ಪಾತ್ರೆಯಲ್ಲಿ ಬೆಂದಿರುವುದು ನಾವು ಪ್ರತಿ ವರ್ಷ ಕುಡಿಯುವ ಮರದ ತೊಗಟೆಯಲ್ಲ. ಯಾವ ಮರದ್ದು ಎಂದು ನನಗೆ ಗೊತ್ತಿಲ್ಲ. ಅಡುಗೆಮನೆಯಲ್ಲಿರುವ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದನ್ನು ಯಾರೂ ಕುಡಿಯಬಾರದು ಎಂದು ನಾನು ಮೈಕ್ ಹಿಡಿದು ನಿಂತಿದ್ದೇನೆ.

ಗದ್ದಲ ಬೇಡ, ಕುಳಿತುಕೊಳ್ಳಿ. ಶ್ರವಣ್, ಚೀಟಿ ಕಳಿಸಬೇಡ ಮಾರಾಯಾ, ನನ್ನ ಕನ್ನಡಕ ಬ್ಯಾಗಿನಲ್ಲಿದೆ.

ಈ ಹೆಂಗಸಿಗೆ ಹೇಗೆ ಗೊತ್ತು ಎಂದು ನೀವು ಕೇಳಬೇಕು. ಕೇಳದಿದ್ದರೆ ನೀವು ನನ್ನ ವಿದ್ಯಾರ್ಥಿಗಳ ತಂದೆತಾಯಿಗಳೇ ಅಲ್ಲ. ಉತ್ತರ ಇದೇ ಸನ್ಮಾನಪತ್ರದಲ್ಲಿದೆ. ಆದರೆ ಅದು ಪಾಚಿಯಲ್ಲ. ನಾನು ಮಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೆಸರು ಕೊಟ್ಟದ್ದು ಲಿವರ್‌ವರ್ಟ್ ಎಂಬ ಗಿಡಗಳ ಮೇಲೆ. ಅವುಗಳಲ್ಲಿ ಎಲೆ ಇರುವವು ಬೇರೆ. ಅವುಗಳಲ್ಲೂ ಫ್ರುಲೇನಿಯ ಎಂಬ ಒಂದು ಕುಲ ನನ್ನದು. ನೀವೆಲ್ಲ ನೋಡಿದ್ದೀರಿ, ನೋಡಿದ್ದು ಗೊತ್ತಿಲ್ಲ ಅಷ್ಟೆ. ಮರದ ತೊಗಟೆಯ ಮೇಲೆ ಕಂದುಗೆಂಪು ಬಣ್ಣದ ಕಲೆಯ ಹಾಗೆ ಹಬ್ಬಿರುತ್ತದೆ, ಒಣಗಿದ ರಕ್ತ ಎಂದುಕೊಳ್ಳುತ್ತೀರಿ. ಮಸೂರ ಹಿಡಿದರೆ ಪುಟ್ಟ ಎಲೆಗಳು ಎರಡು ಸಾಲಾಗಿ ಒಂದರ ಮೇಲೊಂದು ಕುಳಿತಿರುತ್ತವೆ. ಹೊಟ್ಟೆಯ ಕಡೆ ಇನ್ನೂ ಚಿಕ್ಕ ಎಲೆಗಳ ಮೂರನೆಯ ಸಾಲು. ಒಂದೊಂದು ಎಲೆಯ ಅಡಿಗೂ ಮಡಚಿದ ಒಂದು ಚೀಲ, ಥೇಟ್ ಹೆಲ್ಮೆಟ್ಟಿನ ಆಕಾರ. ಆ ಚೀಲದಲ್ಲಿ ಒಂದು ಹನಿಗಿಂತ ಕಡಿಮೆ ನೀರು. ಆ ನೀರಿನಲ್ಲಿ ಕಣ್ಣಿಗೆ ಕಾಣದ ಹುಳುಗಳ ಸಂಸಾರ. ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬಿಸಿಲು ಬಂದರೆ ಮುದುಡಿ ಪುಡಿಯಂತಾಗಿ ತಿಂಗಳುಗಟ್ಟಲೆ ಸತ್ತ ಹಾಗೆ ಬಿದ್ದಿರುತ್ತದೆ. ನಾಲ್ಕು ಹನಿ ನೀರು ಬಿದ್ದರೆ ಕೆಲವೇ ನಿಮಿಷದಲ್ಲಿ ಹಸಿರಾಗಿ ಎದ್ದು ಕೂರುತ್ತದೆ. ಕೆಲವರ ಕೈಗೆ ತಾಗಿದರೆ ತುರಿಕೆ. ನನ್ನ ಯಜಮಾನರಿಗೆ ಅದರ ಹೆಸರು ಕೇಳಿದರೇ ತುರಿಕೆ.

ಇದು ಎಲ್ಲೆಲ್ಲಿ ಉಂಟು? ನಾರ್ವೆಯ ಕಡಲ ಬದಿಯಲ್ಲಿ ಉಂಟು, ನ್ಯೂಜಿಲೆಂಡಿನ ಕಾಡಿನಲ್ಲಿ ಉಂಟು, ಆಫ್ರಿಕದ ಬೆಟ್ಟದಲ್ಲಿ ಉಂಟು, ನಮ್ಮ ಘಟ್ಟದಲ್ಲಂತೂ ಕೇಳುವುದೇ ಬೇಡ. ಎಲ್ಲಿಲ್ಲ? ನನ್ನ ಮದುವೆಯ ಮಾತುಕತೆಯ ದಿನ ಗ್ರಂಥಾಲಯಕ್ಕೆ ಓಡಿಹೋಗಿ ಭೂಪಟ ಬಿಡಿಸಿ ನೋಡಿದೆ. ಭೂಮಿಯ ಮೇಲೆ ನೂರಾರು ಜಾಗದಲ್ಲಿ ಚುಕ್ಕೆ ಇತ್ತು. ಕುವೈತ್ ಮೇಲೆ ಬೆರಳಿಟ್ಟರೆ ಬಿಳಿ ಕಾಗದ! ನನ್ನ ವಿಷಯ ಇಲ್ಲದ ದೇಶವನ್ನೇ ಆರಿಸಿ ನನಗೆ ಗಂಡು ನೋಡಿದ್ದರು. ಆಗ ಇದೇ ಸುಂದರ ಅವರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಲ್ಲಿಯೂ ಏನಾದರೂ ಇದ್ದೇ ಇರುತ್ತದೆ ವಾರಿಜಾ, ಮರಳಲ್ಲಿ ಹುಡುಕು." ಹುಡುಕಿದೆ. ಹವಲ್ಲಿಯ ನಮ್ಮ ಫ್ಲಾಟಿನ ಸ್ನಾನದ ಕೋಣೆಯಲ್ಲಿ ಒಂದಿಷ್ಟು ಬೂಷ್ಟು ಸಿಕ್ಕಿತು. ಥೀಸಿಸ್ ಅಲ್ಲಿಗೆ ಖಲಾಸ್. ಆಮೇಲೆ ಇಪ್ಪತ್ತನಾಲ್ಕು ವರ್ಷ ಶಾಲೆಯಲ್ಲಿ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಕಲಿಸಿದೆ. ಮೂರು. ಈಗಲೂ ಮೂರೇ.

ಆದರೆ ನಾನು ಬಂದ ಮೊದಲ ವರ್ಷವೇ ಆಟಿ ಬಂತು. ಅಮಾವಾಸ್ಯೆ ಯಾವ ವಾರ ಬಿದ್ದರೂ ನಮಗೆ ಅದು ಶುಕ್ರವಾರವೇ, ಚಂದ್ರನೂ ಇಲ್ಲಿ ಕಂಪೆನಿಯ ರಜೆ ನೋಡಿಕೊಂಡೇ ಮರೆಯಾಗಬೇಕು. ಊರಿನಿಂದ ಯಾರದೋ ಪೆಟ್ಟಿಗೆಯಲ್ಲಿ ಹಾಲೆ ಮರದ ತೊಗಟೆ ಬಂತು, ತುಳುವಿನಲ್ಲಿ ನಾವು ಪಾಲೆ ಅನ್ನುವುದು. ಊರಿನಲ್ಲಿ ನಮ್ಮ ಯಜಮಾನರ ಮನೆಯ ಅಂಗಳದಾಚೆಯ ಮರ. ಇವರ ತಮ್ಮ ಸೂರ್ಯ ಹುಟ್ಟುವ ಮೊದಲು ಹೋಗಿ, ಕಬ್ಬಿಣ ಮುಟ್ಟಿಸದೆ, ಬಿಳಿಕಲ್ಲಿನಿಂದ ಜಜ್ಜಿ ತೆಗೆದು ಕಳಿಸಿದ್ದು. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವನು "ಶೂ ಹಾದಾ? ಇದೇನು?" ಎಂದು ಕೇಳಿದಾಗ "ಮರದ ತೊಗಟೆ, ಕುಡಿಯುವುದಕ್ಕೆ" ಎಂದು ನಮ್ಮವರು ವಿವರಿಸಿದ್ದು ಕೇಳಿ ಆತ ಕನಿಕರದಿಂದ ಬಿಟ್ಟನಂತೆ. ಆ ತೊಗಟೆಯನ್ನು ಉಜ್ಜಿ ತೊಳೆಯುವಾಗ ಬೋಗುಣಿಯಲ್ಲಿ ಕಂದು ಪುಡಿ ತೇಲಿತು. ನಾನು ಕೈ ಹಾಕಿ ತೆಗೆದೆ. ಸಭಿಕರೇ, ಭೂಪಟದಲ್ಲಿ ಬಿಳಿಯಾಗಿದ್ದ ದೇಶಕ್ಕೆ ನನ್ನ ಫ್ರುಲೇನಿಯ ವಿಮಾನದಲ್ಲಿ ಬಂದಿತ್ತು, ವೀಸಾ ಇಲ್ಲದೆ. ಆ ದಿನ ನಾನು ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಅತ್ತೆ. ಕಷಾಯ ಕಹಿ ಎಂದು ಅಳುತ್ತಿದ್ದಾಳೆಂದು ಎಲ್ಲರೂ ಬೆಲ್ಲ ಕೊಟ್ಟರು.

ಅಂದಿನಿಂದ ಪ್ರತಿ ಆಟಿಗೆ ಆ ಪುಡಿ ನನ್ನದು. ಹಳೆಯ ಉತ್ತರಪತ್ರಿಕೆ ಮಡಚಿ ಪೊಟ್ಟಣ ಮಾಡುತ್ತೇನೆ, ಇಸವಿ ಬರೆಯುತ್ತೇನೆ, ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿಡುತ್ತೇನೆ. ಇಪ್ಪತ್ತೆಂಟು ಆಟಿ, ಇಪ್ಪತ್ತಾರು ಪೊಟ್ಟಣ. ಕೊರೋನಾದ ಎರಡು ವರ್ಷ ವಿಮಾನವೂ ಇಲ್ಲ, ತೊಗಟೆಯೂ ಇಲ್ಲ. ನಮ್ಮ ಮಗಳು ತೃಷಾ "ಅಮ್ಮಾ, ಇಟ್ಸ್ ಜಸ್ಟ್ ಮಾಸ್" ಎನ್ನುತ್ತಾಳೆ. ಸ್ವಂತ ಮಗಳಿಗೆ ಇದು ಪಾಚಿಯಲ್ಲ ಎಂದು ಕಲಿಸಲಾರದವಳಿಗೆ ನೀವು ಉತ್ತಮ ಶಿಕ್ಷಕಿ ಎಂದು ಗಾಜಿನ ಒಂಟೆ ಕೊಟ್ಟಿದ್ದೀರಿ. ಇರಲಿ, ಒಂಟೆ ಚೆನ್ನಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನದು ನೀರಿನ ತೆಳುಪೊರೆಯಲ್ಲಿ ಈಜಿಕೊಂಡು ಹೆಣ್ಣನ್ನು ಸೇರಬೇಕು, ಗೇಣುದ್ದಕ್ಕಿಂತ ದೂರ ಈಜಲಾರದು. ಒಂದು ಮರಕ್ಕೆ ಗಾಳಿಯಲ್ಲಿ ಬಂದು ಬಿದ್ದದ್ದು ಒಂದೇ ಗಂಡು ಕಣವಾದರೆ, ಆ ಮರದ ತುಂಬ ಗಂಡುಗಳೇ. ಚೂರು ಮುರಿದು ಬಿದ್ದಲ್ಲಿ ಇನ್ನೊಂದು ಗಂಡು, ಅದರ ಚೂರಿಗೆ ಮತ್ತೊಂದು ಗಂಡು. ಹೆಣ್ಣು ಎಂಬುದು ಊರಾಚೆಯ ಯಾವುದೋ ಮರದಲ್ಲಿ. ಇದನ್ನು ನಾನು ಕುವೈತಿನಲ್ಲಿ ಬಿಡಿಸಿ ಹೇಳಬೇಕೇ? ಹತ್ತು ಜನ ಒಂದು ಫ್ಲಾಟು, ಎರಡು ಅಂತಸ್ತಿನ ಮಂಚ, ಎಲ್ಲರಿಗೂ ಊರಲ್ಲಿ ಹೆಂಡತಿ ಮಕ್ಕಳು, ಇಲ್ಲಿ ಎಲ್ಲರ ಹೆಸರು 'ಬ್ಯಾಚುಲರ್'! ಅಧ್ಯಕ್ಷರೂ ನನಗೆ ಫ್ಯಾಮಿಲಿ ವೀಸಾ ಆಗುವವರೆಗೆ ಹಾಗೆಯೇ ಇದ್ದರು. ನಾನು ಹೋದ ಮೇಲೆ ಮತ್ತೆ ಎರಡು ವರ್ಷ ಹಾಗೆಯೇ ಇರುತ್ತಾರೆ.

ಇವರ ಮನೆಯ ಹಾಲೆ ಮರದಲ್ಲಿರುವುದು ಬ್ಯಾಚುಲರ್‌ಗಳು ಮಾತ್ರ. ಇಪ್ಪತ್ತಾರು ಪೊಟ್ಟಣಗಳನ್ನೂ ಮಸೂರದಡಿ, ಶಾಲೆಯ ಮೈಕ್ರೋಸ್ಕೋಪಿನಡಿ ನೋಡಿದ್ದೇನೆ. ಎಲ್ಲ ಗಂಡು. ಒಂದೇ ಒಂದು ಹೆಣ್ಣನ್ನೂ ನಾನು ನೋಡಿಲ್ಲ. ಹೆಣ್ಣಾದರೆ ತುದಿಯಲ್ಲಿ ಮೂರು ಏಣಿನ, ಕೊಕ್ಕಿರುವ ಪುಟ್ಟ ಹೂಜಿಯಂಥದ್ದು ಇರುತ್ತದೆ, ಮರೆಮಾಚಲು ಆಗುವುದಿಲ್ಲ.

ಈ ಬೆಳಿಗ್ಗೆ ಐದಕ್ಕೆ ನಾನು ಅಡುಗೆಮನೆಗೆ ಬಂದೆ, ಇಪ್ಪತ್ತೇಳನೆಯ ಪೊಟ್ಟಣ ಕಟ್ಟಿಕೊಳ್ಳಲು. ಬೋಗುಣಿಯ ಪುಡಿಯನ್ನು ಬಟ್ಟೆಯ ಮೇಲೆ ಹರಡಿ ಮಸೂರ ಹಿಡಿದೆ. ಹೂಜಿ, ಹೂಜಿ, ಹೂಜಿ. ಎಲ್ಲ ಹೆಣ್ಣು! ಒಂದೂ ಗಂಡಿಲ್ಲ. ಮೊದಲು ನನಗೆ ಆದದ್ದು ಸಂತೋಷ, ಸುಳ್ಳು ಹೇಳುವುದಿಲ್ಲ. ಕೊನೆಗೂ ನಮ್ಮ ಮರಕ್ಕೆ ಹೆಣ್ಣು ಬಂತಲ್ಲ ಎಂದುಕೊಂಡೆ. ಆಮೇಲೆ ಬುದ್ಧಿ ಕೆಲಸ ಮಾಡಿತು. ಹೆಣ್ಣು ಬರಲಿ, ಸಾವಿರಾರು ಗಂಡುಗಳು ಒಂದೇ ವರ್ಷದಲ್ಲಿ ಎಲ್ಲಿಗೆ ಹೋದವು? ಉಳಿದಿದ್ದ ತೊಗಟೆಯ ಚೂರು ಎತ್ತಿ ನೋಡಿದೆ. ಕಲ್ಲಿನಲ್ಲಿ ಜಜ್ಜಿದ ಅಂಚು ಚಿಂದಿಯಾಗಿರುತ್ತದೆ, ಇದು ನೇರವಾಗಿ ಕತ್ತಿಯಲ್ಲಿ ಕೆತ್ತಿದ್ದು. ಹಾಲೆಯ ತೊಗಟೆ ದಪ್ಪ, ಒರಟು, ಮುರಿದರೆ ಉದುರುತ್ತದೆ. ಇದು ತೆಳು, ನುಣುಪು, ಮೇಲೆ ಚುಕ್ಕಿ ಚುಕ್ಕಿ. ನಮ್ಮೂರಲ್ಲಿ ಹಾಲೆ ಎಂದುಕೊಂಡು ಜನ ಕತ್ತಲಲ್ಲಿ ಯಾವ ಮರಕ್ಕೆ ಕೈ ಹಾಕುತ್ತಾರೆ ಎಂದು ನಿಮಗೂ ಗೊತ್ತು. ಕಾಸರಕ. ಒಂದೊಂದು ಆಟಿಗೆ ಊರಿಂದ ಆ ಸುದ್ದಿ ಬರುತ್ತದೆ, ಕುಡಿದವರು ಬಿಲ್ಲಿನಂತೆ ಬಾಗಿ ಆಸ್ಪತ್ರೆ ಸೇರಿದರೆಂದು. ಅದೂ ಕಹಿ, ಇದೂ ಕಹಿ. ನಾಲಿಗೆ ಯಾವುದನ್ನೂ ಹೇಳುವುದಿಲ್ಲ.

ಇದು ಕಾಸರಕವೇ ಎಂದು ನಾನು ಪ್ರಮಾಣ ಮಾಡಲಾರೆ. ನೀರಲ್ಲಿ ನೆನೆದ ಮೂರು ಚೂರು ನೋಡಿ ಪ್ರಮಾಣ ಮಾಡುವವಳು ಶಿಕ್ಷಕಿಯಲ್ಲ, ಜ್ಯೋತಿಷಿ. ಆದರೆ ಇದು ನಮ್ಮ ಮರದ್ದಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ಶ್ರವಣ್‌ಗೆ ಹೇಳಿದೆ. ತೊಗಟೆ ತಂದವನು ಅವನೇ. "ಟೀಚರ್, ಸುಂದರಣ್ಣನ ತಮ್ಮ ಬರಲಿಲ್ಲ. ಯಾರೋ ಒಬ್ಬರು ಬೈಕಿನಲ್ಲಿ ಬಂದು ಮಂಗಳೂರು ಏರ್‌ಪೋರ್ಟಿನ ಹೊರಗೆ ಕೊಟ್ಟು ಹೋದರು. ಆದರೆ ಬ್ಯಾನರಿನಲ್ಲಿ ಪ್ರಿಂಟ್ ಆಗಿದೆಯಲ್ಲ!" ಎಂದ. ನೋಡಿ, ನನ್ನ ಬೆನ್ನ ಹಿಂದೆ, ಎಷ್ಟು ದೊಡ್ಡ ಅಕ್ಷರ: 'ಅಧ್ಯಕ್ಷರ ಮನೆಯ ಮರದ ಕಷಾಯ'. ಫ್ಲೆಕ್ಸಿನಲ್ಲಿ ಬಂದ ಮೇಲೆ ಸತ್ಯವೇ ಅಲ್ಲವೇ? ಸಮಿತಿಯ ಇನ್ನೊಬ್ಬರು ಹೇಳಿದರು, ಮುಂದಿನ ಸಭೆಯಲ್ಲಿ ವಿಷಯ ಇಡೋಣ ಎಂದು. ಮುಂದಿನ ಸಭೆಗೆ ಎಷ್ಟು ಜನ ಉಳಿದಿರುತ್ತಾರೆ ಎಂದು ಕೇಳಿದೆ. ಅವರಿಗೆ ಬೇಸರವಾಯಿತು. ಇನ್ನೊಬ್ಬರು, ಟೀಚರ್, ಗಲಾಟೆಯಾದರೆ ಪೊಲೀಸು, ಆಂಬುಲೆನ್ಸು, ಎಲ್ಲರ ಇಕಾಮಾಕ್ಕೆ, ಇಲ್ಲಿರುವ ಪರವಾನಗಿಗೇ ಕುತ್ತು ಎಂದರು. ಹೌದು. ವಿಷವಾದರೂ ಪರವಾಗಿಲ್ಲ, ಇಕಾಮಾ ಮಾತ್ರ ಜೋಪಾನ.

ಕೊನೆಗೆ ಯಜಮಾನರನ್ನು ಕೇಳಿದೆ. ಅವರು ಶಾಲಿನ ಪ್ಲಾಸ್ಟಿಕ್ ಬಿಚ್ಚುತ್ತಿದ್ದರು. "ನಮ್ಮ ಮರದ್ದೇ. ತಮ್ಮನೇ ಕೆತ್ತಿದ್ದು. ಇವತ್ತು ಒಂದು ದಿನ ನಿನ್ನ ಪಾಚಿ ಬದಿಗಿಡು ವಾರಿಜಾ, ಡೊಮಿನಿಕ್ ಬರ್ತಾರೆ" ಎಂದರು. ನನ್ನ ಮುಖ ನೋಡಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ. ಈ ಮನುಷ್ಯ ಜಗಳ ಮಾಡುವಾಗ ನನ್ನ ಮುಖ ನೋಡುತ್ತಾರೆ, ಸುಳ್ಳು ಹೇಳುವಾಗ ನೋಡುವುದಿಲ್ಲ.

ನನ್ನ ಮಾತು ಕೇಳಿದ್ದು ಒಬ್ಬರೇ. ಕಷಾಯ ಕುದಿಸಿದ ನಿಝಾಮ್. ಇಲ್ಲೇ ಹವಲ್ಲಿಯಲ್ಲಿ ಹೋಟೆಲು ಅವರದ್ದು, ಮಗಳು ಸಮೀಹಾ ನನ್ನ ಹತ್ತಿರ ಕಲಿತವಳು. ಅವರಿಗೆ ಆಟಿಯೂ ಇಲ್ಲ, ಕಷಾಯವೂ ಇಲ್ಲ, ಪಾತ್ರೆ ಮಾತ್ರ ಅವರದ್ದು. "ಟೀಚರ್, ನನ್ನ ಕೈ ಅಡುಗೆಯಿಂದ ಯಾರಿಗೂ ಏನೂ ಆಗಬಾರದು. ನೀವು ಮೈಕ್ ಕೆಳಗಿಡುವವರೆಗೆ ನಾನು ಪಾತ್ರೆಯ ನಲ್ಲಿ ತಿರುಗಿಸುವುದಿಲ್ಲ" ಎಂದರು. ಈಗ ಅಲ್ಲಿ ಪಾತ್ರೆಯ ಪಕ್ಕ ಕುರ್ಚಿ ಹಾಕಿ ಕುಳಿತಿದ್ದಾರೆ. ಆದ್ದರಿಂದಲೇ ನಾನು ಇಷ್ಟು ಹೊತ್ತು ನಿಂತಿದ್ದೇನೆ.

ಡೊಮಿನಿಕ್ ಅವರು ನಗುತ್ತಿದ್ದಾರೆ. ಗಂಡ ಹೆಂಡತಿ ಜಗಳ ಎಂದುಕೊಂಡಿರಬೇಕು. ಹೌದು ಸ್ವಾಮಿ, ಅದೂ ಹೌದು. ನನಗೆ ಸಿಟ್ಟಿದೆ, ಅದನ್ನು ಮುಚ್ಚಿಟ್ಟು ನಿಮಗೆ ಬಹಳ ವಿನಯ ತೋರಿಸುವ ಆಸೆ ನನಗಿಲ್ಲ. ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ದರೆ ಮೈಕಿನಲ್ಲಿ ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ನಾನು ಊರಿಗೆ ಯಾಕೆ ಹೋಗುತ್ತಿದ್ದೇನೆ ಗೊತ್ತೇ? ವಿಶ್ರಾಂತ ಜೀವನಕ್ಕೆ ಎಂದು ಸನ್ಮಾನಪತ್ರದಲ್ಲಿದೆ. ಸುಳ್ಳು. ನಾನು ಹೋಗುತ್ತಿರುವುದು ಆ ಮರದ ಬುಡಕ್ಕೆ. ಮೈದುನನ ಮನೆಯಲ್ಲಿ ಒಂದು ಕೋಣೆ ಕೇಳಿದ್ದೇನೆ, ಕಿಟಕಿ ಮರದ ಕಡೆಗೆ. ಬಿಟ್ಟ ಥೀಸಿಸ್ಸನ್ನು ಅಲ್ಲಿ ಮುಗಿಸಬೇಕು. ಪದವಿ ಯಾರಿಗೆ ಬೇಕು ಈ ವಯಸ್ಸಿನಲ್ಲಿ? ಒಂದು ಮರ, ಒಂದು ಗಂಡು ಕುಲ, ಇಪ್ಪತ್ತೊಂಬತ್ತು ವರ್ಷ ಹೇಗೆ ಬದುಕಿತು ಎಂದು ಇಪ್ಪತ್ತು ಪುಟ ಬರೆದು ಯಾವುದಾದರೂ ಪತ್ರಿಕೆಗೆ ಕಳಿಸಬೇಕು, ಕೆಳಗೆ ನನ್ನ ಹೆಸರು ಹಾಕಬೇಕು. ಅಷ್ಟೇ ನನ್ನ ಆಸೆ. ಈ ಆಸೆಯಿಂದಲೇ ನಾನು ಇಲ್ಲಿ ಇಷ್ಟು ವರ್ಷ ಒಣಗಿ ಬಿದ್ದಿದ್ದೆ.

ಸರಿ, ಇನ್ನು ಅಧ್ಯಕ್ಷರಿಗೆ ಒಂದೇ ಪ್ರಶ್ನೆ. ಸುಂದರ ಅವರೇ, ಮೈಕಿನಲ್ಲಿ ಉತ್ತರಿಸುವ ಕಷ್ಟ ನಿಮಗೆ ಕೊಡುವುದಿಲ್ಲ. ನಮ್ಮ ಮರ ಅಲ್ಲೇ ನಿಂತಿದ್ದರೆ, ಈ ತೊಗಟೆ ಅದರದ್ದೇ ಆಗಿದ್ದರೆ, ನೀವು ಕುರ್ಚಿಯಿಂದ ಏಳಬೇಡಿ. ನನ್ನ ಹೂಜಿ, ನನ್ನ ಮಸೂರ, ನನ್ನ ಇಪ್ಪತ್ತಾರು ಪೊಟ್ಟಣ ಎಲ್ಲ ತಪ್ಪು ಎಂದು ಈ ಸಭೆಯಲ್ಲೇ ಕ್ಷಮೆ ಕೇಳಿ, ಮೊದಲನೆಯ ಲೋಟ ನಾನೇ ಕುಡಿಯುತ್ತೇನೆ. ಮರ ಇಲ್ಲದಿದ್ದರೆ ಎದ್ದು ಹೋಗಿ, ಆ ಪಾತ್ರೆಯನ್ನು ನಿಮ್ಮ ಕೈಯಾರೆ ಮೋರಿಗೆ ಬಗ್ಗಿಸಿ. ನಾನು ಕಾಯುತ್ತೇನೆ. ಇವರೂ ಕಾಯುತ್ತಾರೆ, ಹೇಗೂ ಹಸಿದಿದ್ದಾರೆ.

ನೀರು ಕುಡಿಯಿರಿ, ಗಡಿಬಿಡಿಯಿಲ್ಲ.

ಎದ್ದರು.

ದಾರಿ ಬಿಡಿ ಅವರಿಗೆ. ಹಿಂಬಾಗಿಲು ಆ ಕಡೆ. ಏನೆಂದಿರಿ? ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳಿ... ಮಾರ್ಚಿನಲ್ಲಿ. ರಸ್ತೆ ಅಗಲ ಮಾಡುವಾಗ ಕಡಿದರಂತೆ. "ನಿನಗೆ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ" ಅಂದರು ಅಧ್ಯಕ್ಷರು. ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಹೇಳಿದೆ.

ಕೇಳುತ್ತಿದೆಯೇ ಸದ್ದು? ಪಾತ್ರೆ ಖಾಲಿಯಾಗುತ್ತಿದೆ.

ಚಪ್ಪಾಳೆ ಬೇಡ. ದಯವಿಟ್ಟು ತಟ್ಟಬೇಡಿ. ನಾನು ಗೆದ್ದೆ ಎಂದುಕೊಂಡಿದ್ದೀರಾ? ಅವರು ಕುಳಿತೇ ಇರಲಿ ಎಂದು ನಾನು ಎಷ್ಟು ಆಸೆಪಟ್ಟೆ ನಿಮಗೆ ಗೊತ್ತಿಲ್ಲ. ಇನ್ನೂರು ಜನರ ಮುಂದೆ ನನ್ನ ಮಾತು ಸುಳ್ಳಾಗಲಿ, ಜನ ನಗಲಿ, ನನ್ನ ಮರ ಒಂದು ಅಲ್ಲಿರಲಿ ಎಂದುಕೊಂಡಿದ್ದೆ. ನನ್ನ ವಿದ್ಯೆ ಒಂದೇ ಒಂದು ಸಲ ಉಪಯೋಗಕ್ಕೆ ಬಂತು, ಅದು ಇದಕ್ಕೆ.

ಅಧ್ಯಕ್ಷರು ವಾಪಸು ಬರುತ್ತಿದ್ದಾರೆ, ಅಂಗಿ ತೋಳು ಒದ್ದೆಯಾಗಿದೆ. ತಗೊಳ್ಳಿ ಇವರೇ, ಈ ಶಾಲಿನಲ್ಲಿ ಕೈ ಒರೆಸಿಕೊಳ್ಳಿ. ಹೇಗೂ ನನಗೆ ಸೆಕೆ. ಟಿಕೆಟ್ ಕ್ಯಾನ್ಸಲ್ ಮಾಡುವುದಿಲ್ಲ. ಕಡಿದ ಬುಡದಲ್ಲಿ ಅಂಗೈಯಗಲ ತೊಗಟೆಯಾದರೂ ಉಳಿದಿದೆಯೋ ಎಂದು ನಾನೇ ಹೋಗಿ ನೋಡಬೇಕು, ಇನ್ನು ನಿಮ್ಮ ಮಾತಿನ ಮೇಲೆ ಹೋಗುವುದಿಲ್ಲ. ಅದಕ್ಕಿಂತ ಮೊದಲು ಮನೆಗೆ ಹೋದ ಕೂಡಲೇ ಕಳೆದ ವರ್ಷದ ಪೊಟ್ಟಣ ಬಿಚ್ಚಿ ನೀರು ಹಾಕುತ್ತೇನೆ. ಗಂಡುಗಳಲ್ಲಿ ಒಂದಾದರೂ ಹಸಿರಾದರೆ ಅದರ ಪಕ್ಕದಲ್ಲೇ ಈ ಬೆಳಗಿನ ಹೆಣ್ಣನ್ನು ಇಡುತ್ತೇನೆ. ಆ ಬ್ಯಾಚುಲರ್‌ಗಳಿಗೆ ಇಷ್ಟು ವರ್ಷದ ಮೇಲೆ ಫ್ಯಾಮಿಲಿ ವೀಸಾ ಸಿಗುವುದು ಹವಲ್ಲಿಯ ಮೂರನೆಯ ಮಹಡಿಯಲ್ಲಿ ಎಂದು ಬರೆದಿದ್ದರೆ ತಪ್ಪಿಸಲು ನಾನು ಯಾರು?

ವಂದನಾರ್ಪಣೆ ನನ್ನ ಕೆಲಸವಲ್ಲ, ಆದರೂ ಮೈಕ್ ನನ್ನ ಕೈಯಲ್ಲಿದೆ. ಕುರ್ಚಿ ಬಿಟ್ಟು ಏಳದ ನಿಝಾಮ್ ಅವರಿಗೆ, ತಡವಾಗಿಯಾದರೂ ಕುರ್ಚಿ ಬಿಟ್ಟು ಎದ್ದ ಅಧ್ಯಕ್ಷರಿಗೆ, ಎಲ್ಲಿಂದಲೋ ಬಂದು ಸಾಕ್ಷಿ ಹೇಳಿದ ಹೆಣ್ಣುಗಳಿಗೆ, ನಗು ನಿಲ್ಲಿಸಿದ ಮುಖ್ಯ ಅತಿಥಿಗಳಿಗೆ, ಹಸಿವೆ ತಡೆದ ನಿಮಗೆಲ್ಲ ನನ್ನ ಕೃತಜ್ಞತೆ. ಮೆಂತೆ ಗಂಜಿ ಬಿಸಿಯಾಗಿದೆ, ಹೊಟ್ಟೆ ತುಂಬ ಉಣ್ಣಿ. ಅದರ ಮೆಂತೆ ಅಂಗಡಿಯದ್ದು, ಯಾರ ಮನೆಯದ್ದೂ ಅಲ್ಲ, ಧೈರ್ಯವಾಗಿ ಉಣ್ಣಬಹುದು. ಶ್ರವಣ್, ಆ ಬ್ಯಾನರ್ ಇಳಿಸಿಬಿಡು ಮಾರಾಯಾ.

ನಮಸ್ಕಾರ.